ಮೂವತ್ತೊಂದನೆಯವಳ ಕೈಬರಹ

ಎ.ಸಿ. ಓಡುತ್ತಿದ್ದರೆ ನನ್ನ ದನಿ ಮೂರನೆಯ ಬೆಂಚನ್ನು ದಾಟುತ್ತಿರಲಿಲ್ಲ. ಆರಿಸಿದರೆ ಹತ್ತು ನಿಮಿಷದೊಳಗೆ ನಲವತ್ತನಾಲ್ಕು ಮಕ್ಕಳೂ ನೋಟ್‌ಬುಕ್ಕಿನಿಂದ ಗಾಳಿ ಹಾಕಿಕೊಳ್ಳತೊಡಗುತ್ತಿದ್ದರು. ಕುವೈತಿನ ಒಂದು ಭಾರತೀಯ ಶಾಲೆಯ ನಾಲ್ಕನೆಯ ತರಗತಿಯಲ್ಲಿ, 1990ರ ಬೇಸಿಗೆಯಲ್ಲಿ, ಶಿಕ್ಷಕಿಯಾಗಿ ನಾನು ಎದುರಿಸಿದ ಮೊದಲ ಸಮಸ್ಯೆ ಇದು. ಮೈಸೂರಿನಲ್ಲಿ ಬಿ.ಎಡ್. ಮಾಡುವಾಗ ಮಗುವಿನ ಮನಸ್ಸಿನ ಬಗ್ಗೆ ದಪ್ಪ ದಪ್ಪ ಪುಸ್ತಕ ಓದಿದ್ದೆ. ಕಿಟಕಿಯಲ್ಲಿ ಕೂತು ಗುರುಗುಟ್ಟುವ ಯಂತ್ರದ ಬಗ್ಗೆ ಅವುಗಳಲ್ಲಿ ಒಂದು ಸಾಲೂ ಇರಲಿಲ್ಲ.

ಇದನ್ನು ಮೊದಲ ಸಮಸ್ಯೆ ಎನ್ನುವುದು ಸುಳ್ಳಿರಬಹುದು. ಮೊದಲ ದಿನ ಬೇರೇನೋ ಆಗಿರಬೇಕು. ಆದರೆ ನೆನೆಯಲು ಕೂತಾಗಲೆಲ್ಲ ಕೇಳಿಸುವುದು ಆ ಯಂತ್ರದ ಸದ್ದೇ. ಅದನ್ನು ಮೊದಲಿಗಿಟ್ಟರೆ ಮುಂದಿನದೆಲ್ಲಕ್ಕೂ ನೆಪ ಸಿಗುತ್ತದೆ ಎಂಬುದೂ ನನಗೆ ಗೊತ್ತು.

ಆಗ ನನಗೆ ಇಪ್ಪತ್ತನಾಲ್ಕು ವರ್ಷ. ಗಂಡ ಶರ್ಕ್‌ನ ಒಂದು ಬ್ಯಾಂಕಿನಲ್ಲಿದ್ದರು, ಮನೆ ಸಲ್ವಾದಲ್ಲಿ. ಕೆಲಸ ಸಿಕ್ಕ ವಾರವೇ ನಲವತ್ತನಾಲ್ಕು ದಪ್ಪ ಕಾಗದದ ಕಾರ್ಡು ಕತ್ತರಿಸಿಟ್ಟುಕೊಂಡೆ. ಒಂದೊಂದು ಮಗುವಿಗೆ ಒಂದೊಂದು: ಹೆಸರು, ಮನೆಯ ಭಾಷೆ, ಏನು ಇಷ್ಟ, ಯಾವುದಕ್ಕೆ ಹೆದರಿಕೆ. ಮಕ್ಕಳನ್ನು ಹಾಜರಿಯ ನಂಬರಿನಿಂದ ಕರೆಯುವುದಿಲ್ಲ, ಹೆಸರಿನಿಂದಲೇ ಕರೆಯುತ್ತೇನೆ ಎಂದು ನಿರ್ಧರಿಸಿದ್ದೆ. ಬೋರ್ಡಿನ ಮೇಲೆ ಉತ್ತರ ಬರೆದು ನಕಲು ಮಾಡಿಸುವುದಿಲ್ಲ ಎಂದೂ. ಗಂಡ ಕಾರ್ಡುಗಳ ಕಟ್ಟನ್ನು ನೋಡಿ, “ಇಸ್ಪೀಟ್ ಆಡ್ಸೋಕೆ ಹೋಗ್ತಿದೀಯಾ?” ಎಂದರು. ನಗಲಿಲ್ಲ ನಾನು.

ಎರಡನೆಯ ವಾರ ಮಕ್ಕಳಿಗೆ ಒಂದು ಕೆಲಸ ಕೊಟ್ಟೆ. ಶಾಲೆಗೆ ಬರುವಾಗ ದಾರಿಯಲ್ಲಿ ಕಂಡದ್ದನ್ನು ನಿಮ್ಮ ಮಾತಿನಲ್ಲೇ ಬರೆಯಿರಿ ಎಂದೆ.

“ಮಿಸ್, ಮಾರ್ಜಿನ್ ಹಾಕಬೇಕಾ?”

“ಮಿಸ್, ಹೆಡ್ಡಿಂಗ್ ರೆಡ್ ಪೆನ್ನಿನಲ್ಲಾ?”

“ಮಿಸ್, ಆನ್ಸರ್ ಯಾವಾಗ ಕೊಡ್ತೀರಿ?”

ಅವರು ಕೇಳಿದ್ದು ಇಂಗ್ಲಿಷಿನಲ್ಲಿ. ಕನ್ನಡಕ್ಕೆ ತರುವಾಗ ಸ್ವಲ್ಪ ಮುದ್ದಾಗಿಸಿದ್ದೇನೆಯೇ ಎಂಬ ಅನುಮಾನವಿದೆ. ಆ ಹೊತ್ತಿನಲ್ಲಿ ಮುದ್ದೇನೂ ಅನ್ನಿಸಿರಲಿಲ್ಲ, ರೇಗಿತ್ತು. ನಲವತ್ತನಾಲ್ಕು ಹಾಳೆಗಳಲ್ಲಿ ನಲವತ್ತರಷ್ಟು ಒಂದೇ ತರಹ ಇದ್ದವು: ನಾನು ರಸ್ತೆ ಕಂಡೆ, ನಾನು ಕಾರು ಕಂಡೆ, ನಾನು ಶಾಲೆ ಕಂಡೆ. ಮೊದಲ ಬೆಂಚಿನಲ್ಲಿ ಹುಟ್ಟಿದ ಉತ್ತರ ಪಿಸುಮಾತಿನಲ್ಲಿ ಹಿಂದಿನ ಗೋಡೆಯವರೆಗೆ ಹೋಗಿತ್ತು. ನನ್ನ ದನಿ ಹೋಗಲಾರದ ಕಡೆಗೆ ಅದು ಹೇಗೆ ಹೋಯಿತೋ ಗೊತ್ತಿಲ್ಲ.

ನಮ್ಮ ಸೂಪರ್‌ವೈಸರ್ ಹನ್ನೆರಡು ವರ್ಷದಿಂದ ಅಲ್ಲಿದ್ದ ಕೇರಳದ ಹೆಂಗಸು. ಪ್ರತಿ ಗುರುವಾರ ನೋಟ್‌ಬುಕ್ಕುಗಳ ತಪಾಸಣೆ ಮಾಡುತ್ತಿದ್ದರು. ತಾರೀಖು, ಅನುಕ್ರಮಣಿಕೆ, ಅಡಿಗೆರೆ, ನನ್ನ ಕೆಂಪು ಶಾಯಿಯ ರೈಟ್ ಗುರುತು. ನನ್ನ ತರಗತಿಯ ಪುಸ್ತಕಗಳು ಅರ್ಧ ಖಾಲಿ ಇದ್ದವು.

“ಮೈ ಡಿಯರ್, ಮೊದಲು ಪೋರ್ಶನ್ ಮುಗಿಸಿ,” ಎಂದರು ಅವರು. “ಮಕ್ಕಳ ಮನಸ್ಸು ಎಲ್ಲಿಗೂ ಓಡಿಹೋಗುವುದಿಲ್ಲ. ಪೋರ್ಶನ್ ಓಡಿಹೋಗುತ್ತದೆ.”

ಅವರು ಕೆಟ್ಟವರಲ್ಲ. ನನಗೆ ಗಂಟಲು ಕಟ್ಟಿದಾಗ ಫ್ಲಾಸ್ಕಿನಲ್ಲಿ ಜೀರಿಗೆ ನೀರು ತಂದುಕೊಟ್ಟವರು ಅವರೇ. ಖಾಲಿ ಪುಸ್ತಕ ಕಂಡು ಗಾಬರಿಯಾದ ತಂದೆತಾಯಿಯರನ್ನು ನನ್ನವರೆಗೆ ಬಿಡದೆ ಬಾಗಿಲಲ್ಲೇ ಸಮಾಧಾನ ಮಾಡಿ ಕಳಿಸಿದವರೂ ಅವರೇ. ಅವರನ್ನು ಈ ಕಥೆಯ ಖಳನಾಯಕಿ ಮಾಡಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು.

ಒಂದು ದಿನ ಗಂಟಲು ಪೂರಾ ಹೋಗಿತ್ತು. ಎ.ಸಿ. ಹಾಕಿ, ಬೋರ್ಡಿನ ತುಂಬ ಪ್ರಶ್ನೋತ್ತರ ಬರೆದೆ. ನಲವತ್ತನಾಲ್ಕು ತಲೆಗಳು ಒಟ್ಟಿಗೆ ಬಗ್ಗಿದವು. ಪೆನ್ಸಿಲ್ಲುಗಳ ಸರಸರ ಬಿಟ್ಟರೆ ಸದ್ದಿಲ್ಲ. ಏಪ್ರಿಲಿನಿಂದ ಮೊದಲ ಬಾರಿಗೆ ನಾನು ಕುರ್ಚಿಯಲ್ಲಿ ಕೂತೆ. ಆ ಮೌನ ನನಗೆ ಎಷ್ಟು ಹಿತವಾಯಿತೆಂದರೆ ಮರುದಿನ ಗಂಟಲು ಸರಿಯಿದ್ದರೂ ಬೋರ್ಡಿನ ಕಡೆಗೆ ತಿರುಗಿದೆ. ಜೂನ್ ಹೊತ್ತಿಗೆ ಹದಿನಾಲ್ಕು ಕಾರ್ಡು ತುಂಬಿದ್ದವು. ಉಳಿದವುಗಳಲ್ಲಿ ಹೆಸರು ಮತ್ತು ನಂಬರು, ಅಷ್ಟೆ. “ಇಪ್ಪತ್ತಾರು, ಮಾತು ನಿಲ್ಲಿಸು. ಒಂಬತ್ತು, ಕಸದ ಬುಟ್ಟಿ ಎತ್ತಿಡು.” ಹೆಸರಿನಿಂದ ಕರೆದರೆ ಒಂದೇ ಹೆಸರಿನ ಮೂವರು ಏಳುತ್ತಿದ್ದರು, ನಂಬರಿಗೆ ಒಬ್ಬರೇ ಏಳುತ್ತಿದ್ದರು. ಇಷ್ಟೇ ಕಾರಣವೋ, ಇನ್ನೂ ಇತ್ತೋ, ಹೇಳಲಾರೆ.

ಬೇಸಿಗೆ ರಜೆ ಬಂತು. ಗಂಡನಿಗೆ ರಜೆ ಸಿಗಲಿಲ್ಲ, ಊರಿಗೆ ಹೋಗಲಿಲ್ಲ. ಆಗಸ್ಟಿನ ಆರಂಭದಲ್ಲಿ ಇರಾಕಿನ ಸೈನ್ಯ ಬಂತು. ಅದರ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ಹೇಳಬೇಕಾದದ್ದು ಸೆಪ್ಟೆಂಬರಿನ ಒಂದು ಮಧ್ಯಾಹ್ನದ ಬಗ್ಗೆ ಮಾತ್ರ.

ಆ ಹೊತ್ತಿಗೆ ನಮ್ಮವರೆಲ್ಲ ಬಸ್ಸು ಹಿಡಿದು ಬಾಗ್ದಾದ್ ಮೇಲೆ ಜೋರ್ಡಾನಿಗೆ, ಅಲ್ಲಿಂದ ವಿಮಾನದಲ್ಲಿ ಊರಿಗೆ ಹೊರಟಿದ್ದರು. ಶಾಲೆ ಮುಚ್ಚಿತ್ತು. ಆಫೀಸಿನ ಬೀಗದ ಕೈ ಇಟ್ಟುಕೊಂಡಿದ್ದ ಗುಮಾಸ್ತ ಮೊದಲ ಬಸ್ಸುಗಳಲ್ಲೇ ಹೋಗಿಬಿಟ್ಟಿದ್ದ. ಮಾರ್ಕ್ಸ್ ಪುಸ್ತಕ, ಹಾಜರಿ, ಟಿ.ಸಿ. ಪುಸ್ತಕ ಎಲ್ಲವೂ ಒಳಗೆ. ಊಟವಾಗಿ ನಾವು ಪರದೆ ಎಳೆದು ಕೂತಿದ್ದೆವು. ಬಾಗಿಲು ತಟ್ಟಿದ ಸದ್ದಾಯಿತು. ಕರಾವಳಿಯ ಕಡೆಯ ಒಬ್ಬರು, ನಲವತ್ತರ ಆಸುಪಾಸಿನವರು, ಇಸ್ತ್ರಿ ಮಾಡಿದ ಅಂಗಿ. ಜೊತೆಗೆ ಎರಡು ಜಡೆಯ ಹುಡುಗಿ.

“ನಮಸ್ಕಾರ ಟೀಚರ್. ನಾಳೆ ಬೆಳಿಗ್ಗೆ ನಮ್ಮ ಬಸ್ಸುಂಟು. ಇವಳದ್ದು ಒಂದು ಕಾಗದ ಬೇಕಿತ್ತು.”

ಅವರು ಒಂದು ಟ್ರೇಡಿಂಗ್ ಆಫೀಸಿನಲ್ಲಿ ಗುಮಾಸ್ತರು. ಹಿಂದೆ ಅವರ ಅಣ್ಣನ ಮಗ ಮುಂಬಯಿಯಿಂದ ಟಿ.ಸಿ. ಇಲ್ಲದೆ ಊರಿಗೆ ಬಂದಾಗ ಶಾಲೆಯವರು ಒಂದು ಕ್ಲಾಸು ಕೆಳಗೆ ಕೂರಿಸಿದ್ದರಂತೆ. ಇವಳಿಗೂ ಹಾಗಾಗಬಾರದು. ಮೂರನೆಯದು ಪಾಸಾಗಿ ನಾಲ್ಕನೆಯದರಲ್ಲಿ ನನ್ನ ಹತ್ತಿರ ಓದುತ್ತಿದ್ದಳು ಎಂದು ನಾನು ಬರೆದುಕೊಡಬೇಕು. ಬರೆದುಕೊಟ್ಟರೆ ವರ್ಷ ಉಳಿಯುತ್ತದೆ, ಇಲ್ಲದಿದ್ದರೆ ಹೋಗುತ್ತದೆ.

ನಾನು ಹುಡುಗಿಯನ್ನು ನೋಡಿದೆ. ಯಾರೆಂದು ಗೊತ್ತಾಗಲಿಲ್ಲ.

ಅಪ್ಪ ಅವಳ ಹೆಸರು ಹೇಳಿದರು. ಆಗಲೂ ಗೊತ್ತಾಗಲಿಲ್ಲ. ನನ್ನ ಮುಖದಲ್ಲಿ ಅದು ಕಂಡಿರಬೇಕು. ಹುಡುಗಿ ಕೈ ಕಟ್ಟಿ ನೆಟ್ಟಗೆ ನಿಂತು, “ಥರ್ಟಿ ಒನ್, ಮಿಸ್,” ಎಂದಳು.

ಈಗ ಎಲ್ಲವೂ ನೆನಪಿಗೆ ಬಂತು ಎಂದು ಬರೆಯಬೇಕಾದ ಜಾಗ ಇದು. ನಿಜವಾಗಿ ನೆನಪಿಗೆ ಏನೋ ಬಂತು ಕೂಡ: ಮೇ ತಿಂಗಳಲ್ಲಿ ಮೂಗಿನಿಂದ ರಕ್ತ ಸುರಿಸಿಕೊಂಡು ಅಳದೆ ನಿಂತ ಒಂದು ಹುಡುಗಿ. “ಓ, ಆವತ್ತು ಮೂಗಲ್ಲಿ ರಕ್ತ ಬಂದಿತ್ತಲ್ಲ, ನೀನೇ ಅಲ್ವಾ ಪುಟ್ಟಾ?” ಎಂದೆ ಸಂಭ್ರಮದಿಂದ.

“ನೋ ಮಿಸ್. ದಟ್ ವಾಸ್ ಥರ್ಟಿ ಟೂ.”

ನನ್ನ ಗಂಡ ಕೆಮ್ಮಿದರು. ನಾನು ಒಳಗೆ ಹೋಗಿ ಕಾರ್ಡುಗಳ ಕಟ್ಟು ಬಿಚ್ಚಿದೆ. ಮೂವತ್ತೊಂದರ ಕಾರ್ಡಿನಲ್ಲಿ ಹೆಸರಿತ್ತು. ಭಾಷೆ, ಇಷ್ಟ, ಹೆದರಿಕೆ, ಎಲ್ಲದರ ಮುಂದೆ ಬಿಳಿ. ಅವಳು ನನ್ನ ಎದುರಿಗೆ ಅರವತ್ತು ದಿನವಾದರೂ ಕೂತಿರಬೇಕು.

ಹೊರಗೆ ಬಂದಾಗ ಅಪ್ಪ ಅವಳ ಸೈನ್ಸ್ ನೋಟ್‌ಬುಕ್ಕನ್ನು ಮೇಜಿನ ಮೇಲೆ ತೆರೆದಿಟ್ಟಿದ್ದರು. ಎಂಥ ಅಕ್ಷರ! ಅಚ್ಚು ಹಾಕಿದ ಹಾಗೆ. ಪುಟಪುಟಕ್ಕೂ ನನ್ನ ಕೆಂಪು ಗುರುತು, ‘ವೆರಿ ನೀಟ್’, ‘ಗುಡ್’, ನನ್ನದೇ ಸಹಿ.

“ನೋಡಿ ಟೀಚರ್, ಮುತ್ತು ಪೋಣಿಸಿದ ಹಾಗೆ ಉಂಟು. ನಮ್ಮ ಆಫೀಸಲ್ಲಿ ಒಬ್ಬನಿಗೂ ಹೀಗೆ ಬರೀಲಿಕ್ಕೆ ಆಗುದಿಲ್ಲ.”

ನನಗೆ ಸಮಾಧಾನವಾಯಿತು. ಮುಖ ಮರೆತರೇನು, ಕೆಲಸ ಕಣ್ಣೆದುರಿಗಿದೆ. ಒಂದು ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಕಚ್ಚಾ ಪ್ರತಿ ಬರೆದೆ: ಈಕೆ ಮೂರನೆಯ ತರಗತಿ ಪಾಸಾಗಿ ನಾಲ್ಕನೆಯದರಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದಳು, ಚೆನ್ನಾಗಿ ಓದುತ್ತಾಳೆ, ಬರೆಯುತ್ತಾಳೆ, ನಡತೆ ಉತ್ತಮ. ಗಡಿಬಿಡಿಯಲ್ಲಿ ನನ್ನ ಬರಹ ಕೋಳಿ ಕೆದರಿದ ಹಾಗಿತ್ತು.

ಅಪ್ಪ ಅದನ್ನು ನೋಡಿ ಸಂಕೋಚದಿಂದ, “ಬೇಜಾರು ಮಾಡ್ಬೇಡಿ ಟೀಚರ್, ಫೇರ್ ಕಾಪಿ ಇವಳೇ ಮಾಡ್ಲಿ ಅಲ್ವಾ? ಚಂದ ಕಾಣ್ತದೆ. ಸಹಿ ಮಾತ್ರ ನೀವು ಹಾಕಿ,” ಎಂದರು.

“ಸೀಲು?” ಎಂದರು ನನ್ನ ಗಂಡ. “ಶಾಲೆ ಸೀಲು ಒಳಗೆ ಸೇರ್ಕೊಂಡಿದೆಯಲ್ರೀ.”

ಅಪ್ಪ ಪ್ಯಾಂಟಿನ ಜೇಬಿನಿಂದ ಒಂದು ರಬ್ಬರ್ ಸ್ಟ್ಯಾಂಪು ತೆಗೆದರು. “ನಮ್ಮ ಆಫೀಸಿದ್ದು. ಕಫೀಲ್, ನಮ್ಮ ಅರಬಿ ಧಣಿ, ಲಂಡನಿಗೆ ಹೋದವ ಅಲ್ಲೇ ಬಾಕಿ. ಅರಬಿಯಲ್ಲಿ ಉಂಟು, ಊರಲ್ಲಿ ಯಾರಿಗೆ ಓದ್ಲಿಕ್ಕೆ ಬರ್ತದೆ ಮಾರಾಯ್ರೆ?”

ಗಂಡನಿಗೆ ಬ್ಯಾಂಕಿನ ದೆಸೆಯಿಂದ ನಾಲ್ಕು ಅಕ್ಷರ ಅರಬಿ ಬರುತ್ತಿತ್ತು. ಸ್ಟ್ಯಾಂಪನ್ನು ತಿರುವಿ ನೋಡಿದರು. “ಇದರಲ್ಲಿ ‘ಸರಕು ತಲುಪಿದೆ’ ಅಂತಿದೆಯಲ್ರೀ!”

“ತಲುಪಿದ್ರೆ ಸಾಕಲ್ವಾ ಸರ್,” ಎಂದರು ಅವರು. ಮೂವರೂ ನಕ್ಕೆವು. ಎಷ್ಟೋ ವಾರಗಳ ನಂತರ ನಮ್ಮ ಮನೆಯಲ್ಲಿ ಕೇಳಿದ ನಗು.

ನಾವು ನಗುತ್ತಿದ್ದಾಗ ಹುಡುಗಿ ಊಟದ ಮೇಜಿನಲ್ಲಿ ಕೂತು ಬರೆಯುತ್ತಿದ್ದಳು. ಮಾರ್ಜಿನ್ ಹಾಕಿದಳು. ನನ್ನ ಕೋಳಿಗೆರೆಗಳನ್ನು ಒಂದೊಂದಾಗಿ ನೋಡಿ, ಅಳೆದು, ತನ್ನ ಹಾಳೆಗೆ ಇಳಿಸುತ್ತಿದ್ದಳು. ಒಂದು ಕಡೆ ನಾನು ಒಂದು ಶಬ್ದ ಹೊಡೆದುಹಾಕಿದ್ದೆ. ಅವಳು ಆ ಶಬ್ದವನ್ನೂ ಬರೆದು, ಅದರ ಮೇಲೆ ಸ್ಕೇಲಿಟ್ಟು ನೇರವಾಗಿ ಗೆರೆ ಎಳೆದಳು. ಅದನ್ನು ನೋಡಿದಾಗ ನನಗೆ ಏನೋ ಚುಚ್ಚಿತು. ಆದರೂ ಅರ್ಥವಾಗಲಿಲ್ಲ. ಮುಗಿದ ಮೇಲೆ, ಬರೇ ಅಭ್ಯಾಸಬಲದಿಂದ, “ಎಲ್ಲಿ, ಗಟ್ಟಿಯಾಗಿ ಓದು,” ಎಂದೆ.

ಹುಡುಗಿ ಹಾಳೆ ಹಿಡಿದು ನಿಂತಳು. ಬಾಯಿ ತೆರೆಯಲಿಲ್ಲ.

ನಾಚಿಕೆ ಎಂದುಕೊಂಡು ನೋಟ್‌ಬುಕ್ಕಿನ ಒಂದು ಪುಟ ತೋರಿಸಿದೆ. ಅದನ್ನು ಗಡಗಡ ಒಪ್ಪಿಸಿದಳು. ಅವಳ ಕಣ್ಣು ಪುಟದ ಮೇಲಿರಲಿಲ್ಲ. ಅದೇ ಪುಟದ ನಡುವಿನ ಒಂದು ಶಬ್ದದ ಮೇಲೆ ಬೆರಳಿಟ್ಟು ಇದೇನು ಎಂದೆ. ಮೊದಲಿನಿಂದ ಶುರುಮಾಡಿ, ಒಪ್ಪಿಸುತ್ತ ಬಂದು, ಎಣಿಸಿಕೊಂಡು, ಆ ಶಬ್ದ ಬಂದಾಗ ನಿಲ್ಲಿಸಲು ನೋಡಿದಳು. ತಪ್ಪಿತು. ಇನ್ನೊಂದು ತೋರಿಸಿದೆ. ತಪ್ಪಿತು. ಕೊನೆಗೆ ಅವಳು ಹಾಳೆಯನ್ನು ನನ್ನ ಕಡೆಗೆ ಚಾಚಿ, ಸಣ್ಣ ದನಿಯಲ್ಲಿ, “ಮಿಸ್, ಐ ಕ್ಯಾನ್ ರೈಟ್ ಇಟ್ ಅಗೇನ್,” ಎಂದಳು.

ಬರೆದದ್ದು ಸಾಲದೆಂದು ನಾನು ಬೈಯುತ್ತಿದ್ದೇನೆ ಎಂದು ಅವಳು ತಿಳಿದಿದ್ದಳು.

ಅವಳಿಗೆ ಓದಲು ಬರುತ್ತಿರಲಿಲ್ಲ. ‘ಚೆನ್ನಾಗಿ ಓದುತ್ತಾಳೆ’ ಎಂಬ ಸಾಲನ್ನು ಅಷ್ಟು ಚೆನ್ನಾಗಿ ಬರೆದವಳಿಗೆ ಅದರ ಒಂದು ಶಬ್ದವೂ ಗೊತ್ತಿರಲಿಲ್ಲ. ನಾನು ಎರಡೂವರೆ ತಿಂಗಳು ಅವಳ ಪುಸ್ತಕಕ್ಕೆ ರೈಟ್ ಹಾಕಿದ್ದೆ.

ಅಪ್ಪನನ್ನು ಕರೆದು ಹೇಳಿದೆ. ಮೂರನೆಯದಕ್ಕೇ ಸೇರಿಸಿ, ಅಡಿಪಾಯ ಗಟ್ಟಿಯಾಗಲಿ ಎಂದೆ. ಈ ಮಾತು ನನ್ನ ಬಾಯಲ್ಲಿ ತುಂಬ ಸಲೀಸಾಗಿ ಬಂತು. ಪುಸ್ತಕದ ಮಾತುಗಳು ಸಲೀಸಾಗಿಯೇ ಬರುತ್ತವೆ.

“ಓದ್ಲಿಕ್ಕೆ ಬರುದಿಲ್ಲ ಅಂತ ನನಗೂ ಡೌಟಿತ್ತು ಟೀಚರ್. ಆದ್ರೆ ಪುಸ್ತಕ ನೋಡಿದ್ರೆ ಎಲ್ಲ ರೈಟು. ವೆರಿ ಗುಡ್ಡು. ಟೀಚರೇ ಗುಡ್ಡು ಅಂದ್ಮೇಲೆ ನಾನ್ಯಾರು ಹೇಳ್ಲಿಕ್ಕೆ?”

ಅವರು ನೋಟ್‌ಬುಕ್ಕಿನ ಪುಟ ತಿರುವಿ ನನ್ನ ಕೆಂಪು ಗುರುತು ತೋರಿಸಿದರು.

“ಅಷ್ಟು ದಿನ ರೈಟ್ ಹಾಕಿದ್ದು ನೀವೇ ಅಲ್ವಾ? ಇವತ್ತು ಒಂದು ಮಾತ್ರ ಎಂತಕ್ಕೆ ರಾಂಗು?”

ಸಿಟ್ಟಿನಿಂದ ಹೇಳಿದ್ದಲ್ಲ. ಅವರಿಗೆ ನಿಜಕ್ಕೂ ತಿಳಿಯಬೇಕಿತ್ತು ಎಂದು ನನಗೆ ಈಗ ಅನ್ನಿಸುತ್ತದೆ. ಆಗ ಕೆನ್ನೆಗೆ ಹೊಡೆದ ಹಾಗಾಗಿತ್ತು.

“ಕೆಳಗಿನ ಕ್ಲಾಸಿಗೆ ಹಾಕಿದ್ರೆ ಊರಲ್ಲಿ ದಡ್ಡಿ ಅಂತ ಹೆಸರು ಬೀಳ್ತದೆ,” ಎಂದರು ಅವರು. “ಕನ್ನಡ ಅಕ್ಷರವೂ ಬರುದಿಲ್ಲ, ಅಲ್ಲಿ ಮೊದಲಿಂದ ಕಲೀಬೇಕು. ಮೇಲಿನ ಕ್ಲಾಸಲ್ಲಿ ಕೂತು ಕಲೀಲಿ. ನಿಮ್ಮಿಂದ ಕೇಳುದು ಒಂದು ಸಹಿ.”

ಗಂಡ ನನ್ನನ್ನು ಅಡುಗೆಮನೆಗೆ ಕರೆದು, “ಹಾಕ್ಕೊಟ್ಬಿಡು ಕಣೇ,” ಎಂದರು. “ನಾಳೆ ಆ ಮನುಷ್ಯ ಮರುಭೂಮಿ ದಾಟ್ಬೇಕು. ನೀನು ಅಡಿಪಾಯ ಅಂತಿದೀಯ.”

ನಾನು ಒಲೆಯ ಹತ್ತಿರ ನಿಂತೇ ಇದ್ದೆ. ನಿಜ ಹೇಳಿದರೆ ಮಗುವಿನ ವರ್ಷ ಹೋಗುತ್ತದೆ. ಸುಳ್ಳು ಹೇಳಿದರೆ ನಾಲ್ಕನೆಯ ತರಗತಿಯಲ್ಲಿ ಇನ್ನೊಬ್ಬ ಟೀಚರ್ ಅವಳ ಅಂದದ ಅಕ್ಷರಕ್ಕೆ ರೈಟ್ ಹಾಕಿಕೊಂಡು ಹೋಗುತ್ತಾಳೆ. ಯಾವುದು ಮಗುವಿನ ಪರ ಎಂದು ನನಗೆ ಗೊತ್ತಾಗಲಿಲ್ಲ. ಇವತ್ತಿಗೂ ಗೊತ್ತಿಲ್ಲ. ಬಿ.ಎಡ್.ನಲ್ಲಿ ಈ ಪ್ರಶ್ನೆ ಬಂದಿದ್ದರೆ ಹತ್ತು ಅಂಕಕ್ಕೆ ನಾಲ್ಕು ಪುಟ ಬರೆದುಬಿಡುತ್ತಿದ್ದೆ.

ಹೊರಗೆ ಬಂದು ಸಹಿ ಹಾಕಿದೆ. ಅವರು ಸೀಲು ಒತ್ತಿದರು. ನೀಲಿ ಶಾಯಿಯ ಸರಕು ತಲುಪಿತು.

ಆಮೇಲೆ ನಾನು ಮಾಡಿದ್ದು ಹೀಗೆ. ಇನ್ನೊಂದು ಹಾಳೆ ತೆಗೆದು, ಅದೇ ಒಕ್ಕಣೆಯನ್ನು, ‘ಚೆನ್ನಾಗಿ ಓದುತ್ತಾಳೆ’ ಎಂಬ ಸಾಲು ಬಿಟ್ಟು, ನನ್ನ ಕೈಯಾರೆ ಬರೆದೆ. ಕೆಳಗೆ, ಊರಿನ ಆ ಗುರುತಿಲ್ಲದ ಟೀಚರಿಗೆಂದು, ಕನ್ನಡದಲ್ಲಿ ಎರಡು ಸಾಲು ಸೇರಿಸಿದೆ: ಈ ಮಗುವಿಗೆ ಇನ್ನೂ ಓದಲು ಬರುವುದಿಲ್ಲ, ನಾನು ಕಲಿಸಲಿಲ್ಲ. ಬುದ್ಧಿ ಚುರುಕಿದೆ, ದಯವಿಟ್ಟು ನಾಲ್ಕನೆಯದರಲ್ಲೇ ಕೂರಿಸಿಕೊಂಡು ಕಲಿಸಿ. ಅದಕ್ಕೂ ಸಹಿ ಹಾಕಿದೆ. ಅಪ್ಪ ಅದನ್ನು ನಿಧಾನವಾಗಿ ಓದಿದರು. ಒಂದು ಕಾಗದವನ್ನು ಅಂಗಿಯ ಜೇಬಿನಲ್ಲೂ ಇನ್ನೊಂದನ್ನು ಪಾಸ್‌ಪೋರ್ಟಿನ ಚೀಲದಲ್ಲೂ ಇಟ್ಟುಕೊಂಡರು.

“ಯಾವುದನ್ನು ಕೊಡ್ತೀರಿ?” ಎಂದೆ.

“ಅಲ್ಲಿಯ ಹೆಡ್‌ಮಾಸ್ಟ್ರ ಮುಖ ನೋಡಿ ಹೇಳ್ಬೇಕು ಟೀಚರ್.”

ಹುಡುಗಿ ತರಗತಿಯಲ್ಲಿ ಎಲ್ಲರೂ ಕೂಡಿ ಹೇಳುವ ರಾಗದಲ್ಲಿ, ಒಬ್ಬಳೇ, “ಥ್ಯಾಂಕ್ಯೂ ಮಿಸ್,” ಎಂದಳು. ಇಬ್ಬರೂ ಮೆಟ್ಟಿಲಿಳಿದು ಹೋದರು.

ಇಷ್ಟನ್ನು ಬರೆದು ಗಂಡನಿಗೆ ಓದಲು ಕೊಟ್ಟೆ. ಎ.ಸಿ., ಇಸ್ಪೀಟು, ಸೀಲು ಎಲ್ಲ ಸರಿ ಎಂದರು. ಎರಡನೆಯ ಕಾಗದದ ಹತ್ತಿರ ಬಂದು ಕನ್ನಡಕ ತೆಗೆದರು.

“ಒಂದೇ ಕಾಗದ ಕಣೇ ಇದ್ದದ್ದು. ಅವರು ಹೋದ್ಮೇಲೆ ನೀನು ಸೋಫಾ ಮೇಲೆ ಕೂತು, ಕನ್ನಡದಲ್ಲಿ ಎರಡು ಸಾಲು ಬರೆದುಕೊಡಬೇಕಿತ್ತು, ಬರೆದುಕೊಡಬೇಕಿತ್ತು ಅಂತ ಸಾಯಂಕಾಲದ ತನಕ ಹೇಳ್ತಿದ್ದೆ.”

“ನಾನು ಬರೆದೆ. ಪೆನ್ನು ನಡುವೆ ನಿಂತುಹೋಯ್ತು, ನೀವೇ ನಿಮ್ಮದು ಕೊಟ್ರಿ.”

“ನಾನು ಕೊಡ್ಲಿಲ್ಲ.”

ಅವರಿಗೆ ಸುಳ್ಳು ಹೇಳಬೇಕಾದ ಕಾರಣವಿಲ್ಲ. ನನಗಿದೆ. ಆದರೂ ಅವರ ಪೆನ್ನಿನ ಭಾರ, ನನ್ನ ಪೆನ್ನಿಗಿಂತ ಭಾರವಾದದ್ದು, ನನ್ನ ಬೆರಳಿಗೆ ಈಗಲೂ ತಿಳಿಯುತ್ತದೆ. ಅಪ್ಪ ಹೆಡ್‌ಮಾಸ್ಟರ ಬಗ್ಗೆ ಆಡಿದ ಮಾತನ್ನು ನಾನು ಕಟ್ಟಿ ಹೇಳಲು ಸಾಧ್ಯವೇ? ಅಷ್ಟು ಒಳ್ಳೆಯ ಮಾತು ನನಗೆ ಹೊಳೆಯುವುದಿಲ್ಲ. ಹೊಳೆಯುವುದಿಲ್ಲ ಎಂದೂ ಖಚಿತವಿಲ್ಲ. ಆ ಭಾಗವನ್ನು ಎರಡು ಸಲ ಹೊಡೆದುಹಾಕಿ ಎರಡು ಸಲವೂ ಮತ್ತೆ ಬರೆದಿದ್ದೇನೆ.

ಮೊದಲನೆಯ ಕಾಗದಕ್ಕೆ ಸಹಿ ಹಾಕಿದ್ದರ ಬಗ್ಗೆ ಮಾತ್ರ ನಮ್ಮಿಬ್ಬರಲ್ಲಿ ತಕರಾರಿಲ್ಲ.